ಮಳೆ ಶುರುವಾದರೆ ಆ ವಾರ್ಡ್ ನೆನಪಾಗುತ್ತದೆ

ಪ್ರಶ್ನೆ: ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ವಯಸ್ಸು 36. ಗಂಡ ದುಬೈಯಲ್ಲಿದ್ದಾರೆ. ಮನೆಯಲ್ಲಿ ಅತ್ತೆ, ನಾನು, ಹತ್ತು ವರ್ಷದ ಮಗ. 2020 ಮತ್ತು 2021ರಲ್ಲಿ ಕೋವಿಡ್ ಐಸಿಯುನಲ್ಲಿ ಡ್ಯೂಟಿ ಮಾಡಿದೆ. ಆಗ ನನಗೆ ಏನೂ ಆಗಿರಲಿಲ್ಲ. ಅತ್ತವರಿಗೆ ಸಮಾಧಾನ ಹೇಳುತ್ತಿದ್ದದ್ದೂ ನಾನೇ. ಆಮೇಲೆ ಜನರಲ್ ವಾರ್ಡಿಗೆ ಹಾಕಿದರು, ಚೆನ್ನಾಗಿಯೇ ಇದ್ದೆ. ಈಗ ಎರಡು ಮೂರು ವರ್ಷದಿಂದ ಮೇ ತಿಂಗಳಲ್ಲಿ ಗಾಳಿ ಮಳೆ ಶುರುವಾದರೆ ಸಾಕು, ನಿದ್ದೆ ಹೋಗುತ್ತದೆ. ಟಿವಿಯಲ್ಲಿ ಆಸ್ಪತ್ರೆಯ ಸೀನ್ ಬಂದು ಮಾನಿಟರ್ ಸದ್ದು ಕೇಳಿದರೆ ಕೈ ನಡುಗುತ್ತದೆ. ಮಗನಿಗೆ ಸುಮ್ಮಸುಮ್ಮನೆ ಬೈಯುತ್ತೇನೆ. 2025ರ ಮೇನಲ್ಲಿ ಮತ್ತೆ ಕೇಸ್ ಜಾಸ್ತಿ ಆಗುತ್ತಿದೆ ಅಂತ ಸುದ್ದಿ ಬಂದಾಗ ಒಂದು ವಾರ ರಜೆ ಹಾಕಿ ಮನೆಯಲ್ಲೇ ಕೂತೆ.

ಒಂದು ರಾತ್ರಿ ಮಾತ್ರ ಮರೆಯಲು ಆಗುತ್ತಿಲ್ಲ. ಜೋರಾಗಿ ಆಕ್ಸಿಜನ್ ಕೊಡುವ ಹೈಫ್ಲೋ ಮಷೀನ್ ಒಂದೇ ಖಾಲಿ ಇತ್ತು, ಬೇಕಾದವರು ಇಬ್ಬರು. ಡಾಕ್ಟರ್ ಹೇಳಿದ ಹಾಗೆ ಒಬ್ಬರಿಗೆ ಹಾಕಿದೆ. ಇನ್ನೊಬ್ಬರು ಬೆಳಗಿನ ಜಾವ ತೀರಿಕೊಂಡರು. ಅದಕ್ಕೆ ಮೊದಲು ಅವರ ಮಗಳಿಗೆ ನನ್ನದೇ ಫೋನಿನಲ್ಲಿ ವಿಡಿಯೊ ಕಾಲ್ ಮಾಡಿಸಿದ್ದೆ. ಆ ಹುಡುಗಿ ಪ್ರತಿ ವರ್ಷ ಅದೇ ದಿನ ಮೆಸೇಜ್ ಹಾಕುತ್ತಾಳೆ. ಒಂದನ್ನೂ ತೆರೆದು ನೋಡಿಲ್ಲ.

ಮುಂದಿನ ತಿಂಗಳಿಂದ ಮತ್ತೆ ಐಸಿಯು ಪೋಸ್ಟಿಂಗ್ ಅಂತ ಇನ್‌ಚಾರ್ಜ್ ಸಿಸ್ಟರ್ ಹೇಳಿದ್ದಾರೆ. ಕೆಲಸ ಬಿಡಲಾ? ನನಗೆ ಹುಚ್ಚು ಹಿಡಿಯುತ್ತಿದೆಯಾ? ಮಾತ್ರೆ ಶುರು ಮಾಡಿದರೆ ಅಭ್ಯಾಸ ಆಗಿಬಿಡುತ್ತದಾ? ಆಸ್ಪತ್ರೆಯವರಿಗೆ ಗೊತ್ತಾದರೆ? ಅತ್ತೆ ಒಮ್ಮೆ ಜೋಯಿಸರಲ್ಲಿ ಪ್ರಶ್ನೆ ಇಡಿಸೋಣ ಅನ್ನುತ್ತಿದ್ದಾರೆ.

ಉತ್ತರ: ಹುಚ್ಚಲ್ಲ. ಆ ಒಂದು ಮಾತನ್ನು ಮೊದಲು ಪಕ್ಕಕ್ಕಿಡಿ. ಉಳಿದದ್ದಕ್ಕೆ ನೀವು ಕೇಳಿದ ಕ್ರಮದಲ್ಲಿ ಉತ್ತರ ಕೊಡುವುದಿಲ್ಲ. ಕೆಲಸ ಬಿಡಬೇಕಾ ಬೇಡವಾ ಅನ್ನುವುದು ಕೊನೆಗೆ ಬರಬೇಕಾದ ಪ್ರಶ್ನೆ. ಇನ್ನೊಂದು, ಕಾಗದ ಓದಿ ಕಾಯಿಲೆಯ ಹೆಸರು ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ಎದುರು ಕೂತು ಮುಕ್ಕಾಲು ಗಂಟೆ ಮಾತಾಡದೆ ಅದು ಆಗುವುದಿಲ್ಲ. ಆದರೆ ನೀವು ನನ್ನ ಎದುರು ಬಂದು ಕೂತಿದ್ದರೆ ನಾನು ಏನೇನು ಯೋಚನೆ ಮಾಡುತ್ತಿದ್ದೆ ಅಂತ ಹೇಳಬಲ್ಲೆ.

‘ಆಗ ನನಗೆ ಏನೂ ಆಗಿರಲಿಲ್ಲ’ ಅಂದಿದ್ದೀರಿ. ನಾನು ಮೊದಲು ಹಿಡಿದುಕೊಳ್ಳುತ್ತಿದ್ದದ್ದು ಈ ಮಾತನ್ನೇ. ಆಗ ಎಲ್ಲಿ ಪುರುಸೊತ್ತಿತ್ತು? ನಮ್ಮ ಕರಾವಳಿಯ ಸೆಕೆಯಲ್ಲಿ ಪಿಪಿಇ ಹಾಕಿಕೊಂಡು, ಯಾರು ಯಾರೆಂದು ಗೊತ್ತಾಗಲಿ ಅಂತ ಬೆನ್ನ ಮೇಲೆ ಮಾರ್ಕರಿನಲ್ಲಿ ಹೆಸರು ಬರೆಸಿಕೊಂಡು, ಬೆವರು ಕಾಲಿನ ತನಕ ಇಳಿಯುತ್ತಿದ್ದರೂ ನೀರು ಕುಡಿಯಲಾರದೆ, ಬಾತ್‌ರೂಮಿಗೆ ಹೋಗಲಾರದೆ ನಿಂತವರು ನೀವು. ಒಬ್ಬರ ಸ್ಯಾಚುರೇಷನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, ನೋಡುವಷ್ಟರಲ್ಲಿ ಇನ್ನೊಬ್ಬರ ಅಲಾರಂ. ಅಂಥ ಹೊತ್ತಿನಲ್ಲಿ ಮನಸ್ಸು ಅಳುವುದನ್ನು ಮುಂದಕ್ಕೆ ಹಾಕುತ್ತದೆ. ಮಲ್ಪೆಯ ಮೀನುಗಾರರೊಬ್ಬರು ನನಗೆ ಹೇಳಿದ್ದರು, ತೂಫಾನಿನಲ್ಲಿ ಬೋಟ್ ತಿರುಗಿಸುವಾಗ ಕೈ ಕಲ್ಲಿನ ಹಾಗೆ ಗಟ್ಟಿ ಇರುತ್ತದಂತೆ. ದಕ್ಕೆಗೆ ಬಂದು ಚಾ ಗ್ಲಾಸ್ ಹಿಡಿದ ಮೇಲೆಯೇ ನಡುಗಲು ಶುರುವಂತೆ. ನಿಮ್ಮ ಬೋಟು ದಕ್ಕೆಗೆ ಬಂದದ್ದು ಜನರಲ್ ವಾರ್ಡಿಗೆ ಬಂದ ಮೇಲೆ.

ಇದು ನಿಮ್ಮೊಬ್ಬರ ಕಥೆಯೂ ಅಲ್ಲ. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸಾಂಕ್ರಾಮಿಕ ಬಂದಾಗ ಕೆನಡಾದ ಟೊರೊಂಟೊ ನಗರದ ಆಸ್ಪತ್ರೆಗಳಿಗೆ ದೊಡ್ಡ ಪೆಟ್ಟು ಬಿತ್ತು. ಅದೆಲ್ಲ ಮುಗಿದು 13ರಿಂದ 26 ತಿಂಗಳಾದ ಮೇಲೆ ಅಲ್ಲಿನ ಸಿಬ್ಬಂದಿಯನ್ನು ಹ್ಯಾಮಿಲ್ಟನ್ ಎಂಬ ಹತ್ತಿರದ ಊರಿನ ಸಿಬ್ಬಂದಿಯ ಜೊತೆ ಹೋಲಿಸಿ ನೋಡಿದರು. ಹ್ಯಾಮಿಲ್ಟನ್ ಆಸ್ಪತ್ರೆಗಳು ಸಾರ್ಸ್ ರೋಗಿಗಳನ್ನು ನೋಡಿರಲಿಲ್ಲ. ದಣಿವು, ಬೇಸರ, ಬೆಚ್ಚಿ ಬೀಳುವುದು ಎಲ್ಲವೂ ಟೊರೊಂಟೊದವರಲ್ಲೇ ಜಾಸ್ತಿ ಇತ್ತು. ರೋಗಿಗಳ ಹತ್ತಿರ ಹೋಗುವುದನ್ನು, ಡ್ಯೂಟಿಯ ಗಂಟೆಗಳನ್ನು ಕಡಿಮೆ ಮಾಡಿಕೊಂಡವರೂ ಅಲ್ಲೇ ಹೆಚ್ಚು. ಒಂದು ವಾರ ರಜೆ ಹಾಕಿ ಮನೆಯಲ್ಲಿ ಕೂತೆ ಅಂತ ನೀವು ನಾಚಿಕೊಂಡು ಬರೆದಿದ್ದೀರಲ್ಲ, ಅದನ್ನೇ ಅವರೂ ಮಾಡಿದ್ದರು.

ಇನ್ನು ಮಳೆ. ನಿಮಗೆ ಇದು ವಿಚಿತ್ರ ಅನಿಸಿರಬಹುದು. ನನಗೆ ಅನಿಸಲಿಲ್ಲ. 2021ರ ಮೇ ತಿಂಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಮೊದಲ ವಾರವೇ ಚಾಮರಾಜನಗರದಲ್ಲಿ ಆಕ್ಸಿಜನ್ ಸಿಗದೆ ರೋಗಿಗಳು ತೀರಿಕೊಂಡ ಸುದ್ದಿ. ಎರಡು ದಿನ ಕಳೆಯುವಷ್ಟರಲ್ಲಿ, ಮೇ 5ಕ್ಕೆ, ಬಹರೈನ್‌ನಿಂದ ಆಕ್ಸಿಜನ್ ಹೊತ್ತುಕೊಂಡು ಐಎನ್‌ಎಸ್ ತಲ್ವಾರ್ ಹಡಗು ಪಣಂಬೂರಿನ ನವಮಂಗಳೂರು ಬಂದರಿಗೆ ಬಂತು. ಊರಿನವರು ಆ ಫೋಟೊ ಫಾರ್ವರ್ಡ್ ಮಾಡಿ ಖುಷಿಪಟ್ಟರು. ಐಸಿಯು ಒಳಗಿದ್ದವರಿಗೆ ಅದೇ ಫೋಟೊ ನೋಡಿ ಹೊಟ್ಟೆಯಲ್ಲಿ ಕಲಸಿತು. ಹಡಗಿನಲ್ಲಿ ತರಿಸುವ ಹಂತಕ್ಕೆ ಬಂತಲ್ಲ ಅಂತ. ಮೇ 15ರ ಹೊತ್ತಿಗೆ ತೌಕ್ತೆ ಚಂಡಮಾರುತ. ಹೊರಗೆ ತೆಂಗಿನ ಮರ ಬಗ್ಗುವ ಗಾಳಿ, ಒಳಗೆ ಕರೆಂಟ್ ಹೋದರೆ ಜನರೇಟರ್ ಹಿಡಿಯುತ್ತದಾ ಇಲ್ಲವಾ ಅಂತ ಕಿವಿಗೊಟ್ಟು ನಿಂತ ನೀವು.

ಜೋರಾಗಿ ಹೆದರಿದ ಹೊತ್ತಿನಲ್ಲಿ ಮಿದುಳು ಸುತ್ತ ಇದ್ದದ್ದನ್ನೆಲ್ಲ ಒಂದೇ ಗಂಟಿಗೆ ಕಟ್ಟಿಬಿಡುತ್ತದೆ. ಸ್ಯಾನಿಟೈಜರ್ ವಾಸನೆ, ಅಲಾರಂ, ಕಿಟಕಿಗೆ ಹೊಡೆಯುವ ಮಳೆ, ಎಲ್ಲ ಒಟ್ಟಿಗೆ. ಆಮೇಲೆ ಅದರಲ್ಲಿ ಒಂದು ಸಿಕ್ಕರೂ ಇಡೀ ಗಂಟು ಬಿಚ್ಚಿಕೊಳ್ಳುತ್ತದೆ. ಪ್ರತಿ ವರ್ಷ ಅದೇ ತಿಂಗಳಲ್ಲಿ ಹೀಗಾಗುವುದನ್ನು ನಾವು ಕ್ಲಿನಿಕ್ಕಿನಲ್ಲಿ ಬೇಕಾದಷ್ಟು ನೋಡುತ್ತೇವೆ. ಮನೆಯವರನ್ನು ಕಳೆದುಕೊಂಡವರಿಗೆ ವರ್ಷಾಂತಿಕದ ಹತ್ತಿರ ಮೈ ಸರಿ ಇರುವುದಿಲ್ಲ ಅಲ್ವಾ, ಹಾಗೆಯೇ ಇದು.

ಈಗ ನಿಮ್ಮ ಪತ್ರದಲ್ಲಿ ಕಲಸಿಕೊಂಡಿರುವ ಮೂರು ವಿಷಯಗಳನ್ನು ಬಿಡಿಸಬೇಕು. ದಣಿವು, ಹೆದರಿಕೆ, ಕೊರಗು. ಮೂರೂ ಒಟ್ಟಿಗೆ ಬಂದರೆ ಒಂದೇ ಕಾಯಿಲೆಯ ಹಾಗೆ ಕಾಣುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಜಾಸ್ತಿಯಾಗುವುದೂ ಉಂಟು.

ದಣಿವಿನ ವಿಷಯ ಬೇಗ ಮುಗಿಸುತ್ತೇನೆ. ಕೆಲಸದ ಒತ್ತಡದಿಂದ ಮನಸ್ಸು ಬತ್ತಿ ಹೋಗುವುದನ್ನು, ಅಂದರೆ ಬರ್ನ್‌ಔಟ್ ಅನ್ನುತ್ತಾರಲ್ಲ ಅದನ್ನು, ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಕಾಯಿಲೆ ಅಂತ ಬರೆದಿಲ್ಲ. ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಅಂತ ಬರೆದಿದೆ. ಸುಸ್ತು, ಕೆಲಸದ ಮೇಲೆ ತಾತ್ಸಾರ, ನನ್ನಿಂದ ಏನೂ ಆಗುತ್ತಿಲ್ಲ ಅನ್ನುವ ಭಾವ, ಈ ಮೂರು ಅದರ ಗುರುತು. ಇದು ರಜೆಯಿಂದ, ಸರಿಯಾದ ಶಿಫ್ಟಿನಿಂದ, ಜೊತೆಯವರ ಸಹಾಯದಿಂದ ಕಡಿಮೆಯಾಗುತ್ತದೆ. ಅದಕ್ಕೆ ಮೊದಲು ನಿಮ್ಮ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಒಮ್ಮೆ ನೋಡಿಸಿ. ಎಲ್ಲರ ರಕ್ತ ಎಳೆಯುವ ಸಿಸ್ಟರ್‌ಗಳು ತಮ್ಮದನ್ನು ಮಾತ್ರ ನೋಡಿಸುವುದೇ ಇಲ್ಲ. ನಿಮಗೂ ಕೋವಿಡ್ ಬಂದಿದ್ದು, ಅಂದಿನಿಂದಲೇ ಏದುಸಿರು, ಮರೆವು, ಮೈ ಭಾರ ಉಳಿದುಕೊಂಡಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅಂಥದ್ದನ್ನೆಲ್ಲ ‘ಟೆನ್ಶನ್’ ಅಂತ ಹೇಳಿ ಕಳಿಸುವುದು ಸರಿಯಲ್ಲ.

ಹೆದರಿಕೆ ಬೇರೆ. ಅದು ರಜೆ ಹಾಕಿದರೆ ಹೋಗುವುದಿಲ್ಲ. ಬೆಳೆಯುತ್ತದೆ. ಮಾನಿಟರ್ ಸದ್ದು ಕೇಳಿ ಚಾನೆಲ್ ಬದಲಿಸಿದಾಗ ಒಂದು ಕ್ಷಣ ಹಾಯೆನಿಸುತ್ತದೆ. ಆಗ ಮಿದುಳಿಗೆ ‘ತಪ್ಪಿಸಿಕೊಂಡದ್ದರಿಂದ ಬದುಕಿದೆ’ ಎಂಬ ಪಾಠವಾಗುತ್ತದೆ. ಮರುದಿನ ಟಿವಿ ಇಡುವುದೇ ಬೇಡ ಅನಿಸುತ್ತದೆ, ಆಮೇಲೆ ಐಸಿಯು ಇರುವ ಮಹಡಿಯೇ ಬೇಡ. ಹಾಗಂತ ಅಂದಿನ ನಿಮ್ಮ ಹೆದರಿಕೆ ಸುಳ್ಳಲ್ಲ. 2018ರಲ್ಲಿ ನಿಪಾ ಬಂದಾಗ ಕೇರಳದ ಕೋಳಿಕ್ಕೋಡಿನ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ, ರೋಗಿಯನ್ನು ನೋಡಿಕೊಂಡು ತಾವೇ ತೀರಿಕೊಂಡರು. ಆ ವೈರಸ್ ನಿಪಾ ಅಂತ ಗುರುತು ಹಿಡಿದದ್ದು ನಮ್ಮ ಮಣಿಪಾಲದ ಲ್ಯಾಬ್. ಮಂಗಳೂರಿನ ಹಾಸ್ಟೆಲ್‌ಗಳಲ್ಲಿರುವ ಎಷ್ಟೋ ನರ್ಸ್‌ಗಳು ಆ ಕಡೆಯವರೇ. ಎರಡು ವರ್ಷ ಆಗುವಷ್ಟರಲ್ಲಿ ಕೋವಿಡ್ ಬಂತು. ಹೆದರದೆ ಇದ್ದಿದ್ದರೆ ಆಶ್ಚರ್ಯ ಪಡಬೇಕಿತ್ತು. ತೊಂದರೆ ಏನೆಂದರೆ ಬೆಂಕಿ ಆರಿ ವರ್ಷಗಳಾದರೂ ನಿಮ್ಮೊಳಗಿನ ಗಂಟೆ ಬಡಿಯುವುದು ನಿಂತಿಲ್ಲ. ಆ ದಿನಗಳು ಕಣ್ಣೆದುರು ಮತ್ತೆ ಬರುವುದು, ನೆನಪಿಸುವ ಜಾಗದಿಂದ ದೂರ ಓಡುವುದು, ಸದಾ ಎಚ್ಚರದಲ್ಲಿ ಬೆಚ್ಚಿ ಬೀಳುವುದು, ಈ ಮೂರೂ ಒಂದು ತಿಂಗಳಿಗಿಂತ ಜಾಸ್ತಿ ಇದ್ದು ಮನೆಗೆ, ಕೆಲಸಕ್ಕೆ ಅಡ್ಡಿಯಾದರೆ ನಾವು ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಉಳಿದುಕೊಳ್ಳುವ ಮನಸ್ಸಿನ ಕಾಯಿಲೆ, ಇರಬಹುದಾ ಅಂತ ನೋಡುತ್ತೇವೆ. ಘಟನೆ ಆಗಿ ಆರು ತಿಂಗಳು, ವರ್ಷ ಕಳೆದ ಮೇಲೆ ಪೂರ್ತಿ ರೂಪದಲ್ಲಿ ಕಾಣಿಸಿಕೊಳ್ಳುವುದೂ ಉಂಟು.

ಮೂರನೆಯದು ಕೊರಗು. ನಿಮ್ಮನ್ನು ನಿಜವಾಗಿ ತಿನ್ನುತ್ತಿರುವುದು ಇದೇ ಅಂತ ನನ್ನ ಅಂದಾಜು. ಯಾಕೆ ಗೊತ್ತಾ? ಇಡೀ ಪತ್ರದಲ್ಲಿ ‘ನನಗೆ ಸೋಂಕು ತಗಲುತ್ತದೆ’ ಅಂತ ಒಂದು ಕಡೆಯೂ ಬರೆದಿಲ್ಲ. ಬರೆದಿರುವುದು ಒಂದು ಮಷೀನ್, ಇಬ್ಬರು ರೋಗಿಗಳು, ಒಂದು ಫೋನ್.

ವಿಯೆಟ್ನಾಂ ಯುದ್ಧದಿಂದ ವಾಪಸು ಬಂದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಅಮೆರಿಕದ ಮನೋವೈದ್ಯ ಜೊನಾಥನ್ ಶೇ ಇಂಥ ನೋವಿಗೆ ‘ಮಾರಲ್ ಇಂಜುರಿ’ ಎಂದರು. ಸರಿ ಯಾವುದು ಅಂತ ಗೊತ್ತಿದ್ದೂ ಅದನ್ನು ಮಾಡಲಾಗದ ಕಡೆ ನಿಲ್ಲಬೇಕಾದವರ ಗಾಯ ಅದು. ಕೋವಿಡ್ ಬಂದ ಮೇಲೆ ಆ ಮಾತು ಆಸ್ಪತ್ರೆಗಳಿಗೂ ಬಂತು. ನಿಮಗೆ ಕಲಿಸಿದ್ದು ಪ್ರತಿಯೊಬ್ಬ ರೋಗಿಯನ್ನೂ ನೋಡಿಕೋ ಅಂತ. ಆ ರಾತ್ರಿ ನೋಡಿಕೊಳ್ಳಲು ಆದದ್ದು ಇಬ್ಬರಲ್ಲಿ ಒಬ್ಬರನ್ನು. ಯಾರಿಗೆ ಹಾಕುವುದು ಅಂತ ಡಾಕ್ಟರ್ ನಿರ್ಧಾರ ಮಾಡಿದರು. ಮಷೀನ್ ಎಷ್ಟು ಇರಬೇಕು ಅಂತ ಅದಕ್ಕೂ ಎಷ್ಟೋ ಮೊದಲು ಬೇರೆ ಯಾರೋ ನಿರ್ಧಾರ ಮಾಡಿದ್ದರು. ಟ್ಯೂಬ್ ಜೋಡಿಸಿದ ಕೈ ಮಾತ್ರ ನಿಮ್ಮದು. ಆ ಲೆಕ್ಕವೆಲ್ಲ ಹೇಗೋ ಬಂದು ಆ ಕೈಯ ಮೇಲೆ ಕೂತಿದೆ. ಮೇಲಿನವರು ಮೀಟಿಂಗ್ ಮುಗಿಸಿ ಮನೆಗೆ ಹೋದರು, ಮುಖ ನೋಡಿದವರು ನೀವು.

‘ನಿನ್ನ ತಪ್ಪಲ್ಲ ಮಾರಾಯ್ತಿ, ಮಂಡೆಬೆಚ್ಚ ಮಾಡಬೇಡ’ ಅಂತ ಜೊತೆಯವರು ಹೇಳಿರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅಷ್ಟಕ್ಕೇ ಕೊರಗು ಹೋಗುವುದಿಲ್ಲ, ಯಾಕೆಂದರೆ ಅಲ್ಲಿಗೆ ಮಾತು ಮುಗಿದುಹೋಗುತ್ತದೆ. ನೀವು ಆ ರಾತ್ರಿಯನ್ನು ಹತ್ತೂವರೆಯ ಹ್ಯಾಂಡೋವರ್‌ನಿಂದ ಬೆಳಗಿನ ತನಕ ಒಮ್ಮೆಯೂ ಪೂರ್ತಿ ಯಾರಿಗೂ ಹೇಳಿಲ್ಲ ಅಂತ ನನಗೆ ಅನಿಸುತ್ತದೆ. ಗಂಡನಿಗೆ ಫೋನಿನಲ್ಲಿ ಹೇಳಿದರೆ ಅವರು ಅಲ್ಲಿ ಗಾಬರಿ ಬೀಳುತ್ತಾರೆ ಅಂತ ಸುಮ್ಮನಾಗಿರುತ್ತೀರಿ. ಅತ್ತೆಗೆ ಹೈಫ್ಲೋ ಅಂದರೆ ಏನು ಅಂತಲೇ ಗೊತ್ತಿಲ್ಲ. ಆ ಶಿಫ್ಟಿನಲ್ಲಿ ನಿಮ್ಮ ಜೊತೆ ಇದ್ದವರು ಯಾರು? ಅವರಿಗೂ ಒಂದು ನೆನಪು ಇರುತ್ತದೆ. ಬಹಳ ಸಲ ಅದು ನಿಮ್ಮ ನೆನಪಿಗಿಂತ ಬೇರೆ ಇರುತ್ತದೆ. ‘ನೀನು ಎರಡು ಸಲ ಮೇಲಿನ ಮಹಡಿಗೆ ಫೋನ್ ಮಾಡಿ ಮಷೀನ್ ಕೇಳಿದೆ, ಮರೆತೆಯಾ?’ ಅಂತ ಜೊತೆಯವಳು ಹೇಳಿದಾಗ ಒಬ್ಬ ಸಿಸ್ಟರ್ ನನ್ನ ಎದುರಿನ ಕುರ್ಚಿಯಲ್ಲಿ ಕೂತು ಹತ್ತು ನಿಮಿಷ ಮಾತಾಡಲಿಲ್ಲ. ಅವರಿಗೆ ಆ ಫೋನ್ ಮಾಡಿದ್ದು ನೆನಪೇ ಇರಲಿಲ್ಲ. ಕೊರಗು ತನಗೆ ಬೇಕಾದ ಸಾಕ್ಷಿಯನ್ನು ಮಾತ್ರ ಇಟ್ಟುಕೊಳ್ಳುತ್ತದೆ.

ಇಲ್ಲಿ ನಮ್ಮದೇ ಒಂದು ಪೆದ್ದುತನ ಹೇಳಬೇಕು. 2020ರಲ್ಲಿ ನಾನು ಕೆಲಸ ಮಾಡುತ್ತಿದ್ದ ಕಡೆ ಸಿಬ್ಬಂದಿಗಾಗಿ ಅಂತಲೇ ಒಂದು ಕೋಣೆ ತೆರೆದೆವು. ಬಾಗಿಲಿಗೆ ‘ಆಪ್ತ ಸಮಾಲೋಚನೆ’ ಅಂತ ಬೋರ್ಡ್. ಎರಡು ವಾರ ಕೂತೆವು. ಒಳಗೆ ಬಂದವರು ಒಬ್ಬರೇ, ಅದೂ ಎಕ್ಸ್‌ರೇ ಎಲ್ಲಿ ಅಂತ ಕೇಳಲು. ಕೊನೆಗೆ ಒಬ್ಬ ಹಿರಿಯ ಆಯಾ ಹೇಳಿದರು, ‘ಡಾಕ್ಟ್ರೇ, ಆ ಬಾಗಿಲಿಗೆ ಹೊಕ್ಕರೆ ಇಡೀ ಆಸ್ಪತ್ರೆಗೆ ಕಾಣ್ತದೆ. ಪಿಪಿಇ ಬಿಚ್ಚುವಲ್ಲಿ ಹೊರಗೆ ಒಂದು ಬೆಂಚು ಹಾಕಿ. ಗಂಜಿ ತಿಳಿ ಬಿಸಿ ಇಡಿ. ಮೊಬೈಲ್ ಚಾರ್ಜಿಗೆ ಒಂದು ಪ್ಲಗ್ ಕೊಡಿ.’ ಹಾಗೇ ಮಾಡಿದೆವು. ಉಪ್ಪು ಹಾಕಿದ ಗಂಜಿ ತಿಳಿ ಕುಡಿಯುತ್ತಾ ಜನ ಕೂತರು. ಮೂರನೇ ದಿನ ಒಬ್ಬ ವಾರ್ಡ್ ಬಾಯ್, ಯಾರನ್ನೂ ನೋಡದೆ ಅಂದ, ‘ಮನೆಯಲ್ಲಿ ಹೆಂಡತಿ ಮಗುವಿನ ಸ್ಕೂಲ್ ಬ್ಯಾಗಿನ ಝಿಪ್ ಎಳೆದರೆ ನಾನು ಎದ್ದು ಹೊರಗೆ ಹೋಗ್ತೇನೆ ಸಾರ್.’ ಹೆಣದ ಚೀಲದ ಝಿಪ್ ಎಳೆಯುವ ಕೆಲಸ ಅವನದ್ದು. ಅವತ್ತಿನ ತನಕ ಅವನನ್ನು ಯಾರೂ ಹೇಗಿದ್ದೀಯ ಅಂತ ಕೇಳಿರಲಿಲ್ಲ. ನಾವು ಡಾಕ್ಟರು, ನರ್ಸು ಅಂತಲೇ ಮಾತಾಡುತ್ತೇವೆ. ಹೆಣ ಕಟ್ಟಿದವರು, ನೆಲ ಒರೆಸಿದವರು, ಆಂಬುಲೆನ್ಸ್ ಓಡಿಸಿದವರು ಲೆಕ್ಕಕ್ಕೇ ಬರುವುದಿಲ್ಲ.

ಆಮೇಲೆ ನೋಡಿದರೆ ಚೀನಾದ ಹುನಾನ್ ಪ್ರಾಂತ್ಯದ ಒಂದು ಆಸ್ಪತ್ರೆಯಲ್ಲೂ 2020ರ ಶುರುವಿನಲ್ಲಿ ಹೀಗೇ ಆಗಿತ್ತು. ಮನೋವಿಜ್ಞಾನಿಗಳ ತಂಡ ಕಳಿಸಿದರೆ ಸಿಬ್ಬಂದಿ ಬೇಡ ಅಂದರಂತೆ. ಅವರು ಕೇಳಿದ್ದು ಮಲಗಲು ಜಾಗ, ಸಾಕಷ್ಟು ಮಾಸ್ಕು, ಗಾಬರಿ ಬಿದ್ದ ರೋಗಿಯನ್ನು ಸಂಭಾಳಿಸುವುದು ಹೇಗೆ ಅನ್ನುವ ತರಬೇತಿ. ಅಷ್ಟನ್ನು ಕೊಟ್ಟ ಮೇಲೆ, ವಿಶ್ರಾಂತಿಯ ಜಾಗಕ್ಕೇ ಸಮಾಲೋಚಕರು ಹೋಗಿ ಕೂತು ಕಥೆ ಕೇಳತೊಡಗಿದರು. ಇನ್ನೊಂದು ಸಂಗತಿ ನಿಮಗೆ ಗೊತ್ತಿರಲಿ. ದೊಡ್ಡ ಘಟನೆ ಆದ ಕೂಡಲೇ ಎಲ್ಲರನ್ನೂ ಒಂದು ಹಾಲಿನಲ್ಲಿ ಕೂರಿಸಿ ‘ಹೇಳಿ, ಏನಾಯಿತು, ಹೇಗನಿಸಿತು’ ಅಂತ ಒಂದೇ ಸಲ ಬಲವಂತವಾಗಿ ಹೇಳಿಸುವುದರಿಂದ ಪಿಟಿಎಸ್‌ಡಿ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಕೆಲವರಿಗೆ ಕೆಟ್ಟದ್ದೂ ಆಗಬಹುದು. ಹೇಳುವುದಕ್ಕೆ ಹೊತ್ತು ಬೇಕು, ನಂಬಿಕೆಯವರು ಬೇಕು, ಸಾಕು ಅನಿಸಿದಾಗ ನಿಲ್ಲಿಸುವ ಸ್ವಾತಂತ್ರ್ಯ ಬೇಕು.

ಚಿಕಿತ್ಸೆಗೆ ಬರೋಣ. ಇದಕ್ಕೆ ಇರುವ ಮುಖ್ಯ ಚಿಕಿತ್ಸೆ ಮಾತಿನದ್ದು. ವಾರಕ್ಕೊಮ್ಮೆ, ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಸಲ. ಅಲ್ಲಿ ಏನು ನಡೆಯುತ್ತದೆ ಅಂತ ಜನರಿಗೆ ಗೊತ್ತಿಲ್ಲದೆ ಹೆದರುತ್ತಾರೆ, ಅದಕ್ಕೇ ಒಂದು ಭಾಗ ಹೇಳುತ್ತೇನೆ. ನಿಮ್ಮಂಥವರಿಗೆ ಮಾನಿಟರ್ ಅಲಾರಂ ಸದ್ದನ್ನು ಫೋನಿನಲ್ಲಿ ಕೇಳಿಸುತ್ತೇವೆ. ಮೊದಲು ಕೇಳಿಯೂ ಕೇಳಿಸದಷ್ಟು ಸಣ್ಣಕ್ಕೆ. ನೀವು ನರ್ಸ್ ಆದದ್ದರಿಂದ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿಕೊಂಡೇ ಕೂರಬಹುದು. ಪಲ್ಸ್ 118 ಆಗುತ್ತದೆ. ಸದ್ದು ನಿಲ್ಲಿಸುವುದಿಲ್ಲ. ಕಾಯುತ್ತೇವೆ. 110, 104, 96. ಓಡಿ ಹೋಗದೆ ಇದ್ದರೂ ಅದು ತಾನೇ ಇಳಿಯುತ್ತದೆ ಅಂತ ನಿಮ್ಮ ಕಣ್ಣಿಗೇ ಕಾಣುತ್ತದೆ. ಹತ್ತು ಸಲ ನಾನು ಹೇಳುವುದಕ್ಕಿಂತ ಆ ನಂಬರ್ ಒಮ್ಮೆ ಇಳಿಯುವುದನ್ನು ನೋಡುವುದು ಮೇಲು. ಇದನ್ನು ಮನೆಯಲ್ಲಿ ಒಬ್ಬರೇ ಯೂಟ್ಯೂಬ್ ಹಾಕಿಕೊಂಡು ಮಾಡಬೇಡಿ. ಯಾವಾಗ ಮುಂದೆ ಹೋಗಬೇಕು, ಯಾವಾಗ ನಿಲ್ಲಬೇಕು ಅನ್ನುವುದಕ್ಕೆ ಕಲಿತವರು ಜೊತೆಗಿರಬೇಕು.

ಮಾತ್ರೆ ಎಲ್ಲರಿಗೂ ಬೇಕಾಗುವುದಿಲ್ಲ. ನಿದ್ದೆ ಪೂರ್ತಿ ಹೋಗಿದ್ದರೆ, ಬೇಸರ ದಿನವಿಡೀ ಇದ್ದರೆ ಸರ್ಟ್ರಾಲಿನ್‌ನಂಥ ಮಾತ್ರೆ ಕೊಡುತ್ತೇವೆ. ಅದು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಅದಕ್ಕೆ ಚಟ ಹತ್ತುವುದಿಲ್ಲ, ಆದರೆ ನೀವೇ ದಿಢೀರ್ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ನನಗೆ ಹೆದರಿಕೆ ಇರುವುದು ಬೇರೆ ಮಾತ್ರೆಯ ಬಗ್ಗೆ. ನಿದ್ದೆ ಬರಲಿಲ್ಲ ಅಂತ ವಾರ್ಡಿನ ಟ್ರಾಲಿಯಿಂದ ಒಂದು ಆಲ್‌ಪ್ರಜೋಲಾಮ್. ಬೈಯುವುದಕ್ಕೆ ಹೇಳುತ್ತಿಲ್ಲ, ಆಸ್ಪತ್ರೆಯಲ್ಲಿರುವವರಿಗೆ ಅದು ಕೈಗೆ ಸಿಗುವಷ್ಟು ಹತ್ತಿರ ಇರುತ್ತದೆ. ಅಭ್ಯಾಸ ಆಗುವುದು ಅದು. ಕೆಲವೇ ವಾರ ಸಾಕು. ಪಿಟಿಎಸ್‌ಡಿಗೆ ಅದು ಮದ್ದೂ ಅಲ್ಲ, ಹೆದರಿಕೆ ಹಾಗೇ ಉಳಿದು ಮಾತ್ರೆಯೊಂದು ಜಾಸ್ತಿ ಆಗುತ್ತದೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ. ಒಮ್ಮೆಲೇ ಬಿಟ್ಟರೂ ಅಪಾಯ.

ಆಸ್ಪತ್ರೆಯವರಿಗೆ ಗೊತ್ತಾದರೆ ಅಂತ ಕೇಳಿದ್ದೀರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕು ಅನ್ನುವುದು ನಿಮ್ಮ ಹಕ್ಕು. ನೀವು ಒಪ್ಪದೆ ನಿಮ್ಮ ವೈದ್ಯರು ಮ್ಯಾನೇಜ್‌ಮೆಂಟಿಗೆ ಹೇಳುವ ಹಾಗಿಲ್ಲ. ಕಾನೂನು ಹಾಗಿದ್ದರೂ ಕಾರಿಡಾರಿನಲ್ಲಿ ಕಣ್ಣುಗಳು ಇರುತ್ತವೆ, ಅದೂ ನನಗೆ ಗೊತ್ತು. ಅದಕ್ಕೆ ನಮ್ಮ ಕಡೆ ಜನರೇ ಒಂದು ದಾರಿ ಕಂಡುಕೊಂಡಿದ್ದಾರೆ. ಮಂಗಳೂರಿನವರು ಉಡುಪಿ, ಮಣಿಪಾಲಕ್ಕೆ ಬರುತ್ತಾರೆ, ಉಡುಪಿಯವರು ಮಂಗಳೂರಿಗೆ ಹೋಗುತ್ತಾರೆ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತರೆ ಆಯಿತು. ಖರ್ಚಿನ ಚಿಂತೆ ಇದ್ದರೆ ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯಲ್ಲಿ, ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ದೇಶದಲ್ಲಿ 1996ರಲ್ಲಿ ಶುರುವಾಯಿತಲ್ಲ, ಅದನ್ನು ಮೊದಲು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. ಮನೆಯಿಂದ ಹೊರಡುವುದೇ ಕಷ್ಟ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ.

ಪೋಸ್ಟಿಂಗ್ ವಿಷಯ. ಮುಂದಿನ ತಿಂಗಳು ಒಂದನೇ ತಾರೀಖಿಗೆ ಹಲ್ಲು ಕಚ್ಚಿಕೊಂಡು ಐಸಿಯುಗೆ ಹೋಗುವುದೂ ಬೇಡ, ‘ನಾನು ಇನ್ನು ಯಾವತ್ತೂ ಹೋಗುವುದಿಲ್ಲ’ ಅನ್ನುವುದೂ ಬೇಡ. ಎಂಟು ವಾರ ಕೇಳಿ. ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಪೂರ್ತಿ ಕಥೆ ಹೇಳಬೇಕಾಗಿಲ್ಲ. ‘ಸಿಸ್ಟರ್, ನನಗೆ ಒಂದು ಚಿಕಿತ್ಸೆ ನಡೆಯುತ್ತಿದೆ, ಎರಡು ತಿಂಗಳು ಐಸಿಯು ಮತ್ತು ಸತತ ನೈಟ್ ಬೇಡ, ಆಮೇಲೆ ಬರುತ್ತೇನೆ’ ಅಂದರೆ ಸಾಕು. ಡಾಕ್ಟರ ಚೀಟಿ ಬೇಕೆಂದರೆ ಕಾಯಿಲೆಯ ಹೆಸರಿಲ್ಲದೆ ಬರೆದುಕೊಡಲು ನಿಮ್ಮ ವೈದ್ಯರನ್ನು ಕೇಳಿ ನೋಡಿ. ಆ ಎಂಟು ವಾರದಲ್ಲಿ ಚಿಕಿತ್ಸೆಯ ಜೊತೆಜೊತೆಗೇ ಹತ್ತಿರ ಹೋಗುತ್ತಾ ಹೋಗುವುದು. ಒಂದು ವಾರ ಐಸಿಯು ಬಾಗಿಲಿನ ತನಕ. ಇನ್ನೊಂದು ವಾರ ಹಗಲು ಹೊತ್ತು ಒಳಗೆ ಹೋಗಿ ಒಂದು ಫೈಲ್ ಕೊಟ್ಟು ಬರುವುದು. ಮತ್ತೊಂದು ವಾರ ಗೆಳತಿಯ ಜೊತೆ ಅರ್ಧ ಗಂಟೆ. ಇಷ್ಟಾದ ಮೇಲೂ ನನಗೆ ಐಸಿಯು ಬೇಡ, ಮಕ್ಕಳ ವಾರ್ಡ್ ಇಷ್ಟ ಅನಿಸಿದರೆ ಖುಷಿಯಿಂದ ಬದಲಿಸಿ. ಕೆಲಸ ಬಿಡಬೇಕು ಅನಿಸಿದರೂ ಬಿಡಿ. ಆದರೆ ನಡುಗುವ ಕೈಯಲ್ಲಿ ರಾಜೀನಾಮೆ ಬರೆಯಬೇಡಿ. ಈಗ ಬಿಟ್ಟರೆ ಆ ನಿರ್ಧಾರ ಹೆದರಿಕೆಯದ್ದು.

ಇದೆಲ್ಲ ನಿಮ್ಮ ತಲೆ ಮೇಲೆಯೇ ಹಾಕುವುದೂ ನ್ಯಾಯ ಅಲ್ಲ. ಟೊರೊಂಟೊದ ಆ ಅಧ್ಯಯನದಲ್ಲೇ ಇನ್ನೊಂದು ವಿಷಯ ಇದೆ. ನಮಗೆ ಸರಿಯಾದ ತರಬೇತಿ, ರಕ್ಷಣೆ, ಬೆಂಬಲ ಸಿಕ್ಕಿತು ಅಂದವರಿಗೆ ತೊಂದರೆ ಕಡಿಮೆ ಇತ್ತು. ಅಂದರೆ ಯಾರ ಮನಸ್ಸು ಎಷ್ಟು ಗಟ್ಟಿ ಅನ್ನುವುದಕ್ಕಿಂತ ಯಾವ ಆಸ್ಪತ್ರೆ ಎಷ್ಟು ನೋಡಿಕೊಂಡಿತು ಅನ್ನುವುದನ್ನು ಕೇಳಬೇಕು. ನಾವು ಏನು ಮಾಡಿದೆವು? 2020ರ ಮಾರ್ಚ್ 22ಕ್ಕೆ ಗಂಟೆ ಜಾಗಟೆ ಬಾರಿಸಿದೆವು. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 22ಕ್ಕೆ, ಆರೋಗ್ಯ ಸಿಬ್ಬಂದಿಯ ಮೇಲೆ ಕೈ ಮಾಡಿದವರಿಗೆ ಜೈಲು ಅಂತ ಕೇಂದ್ರ ಸುಗ್ರೀವಾಜ್ಞೆ ತರಬೇಕಾಯಿತು. ಜೂನ್‌ನಲ್ಲಿ ಇವರಿಗೆ ಸಂಬಳ ಸರಿಯಾಗಿ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಜುಲೈಯಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ಕೊಡಿ ಅಂತ ಕೆಲಸ ನಿಲ್ಲಿಸಿ ಕೂತರು. ‘ವಾರಿಯರ್’ ಅಂತ ಕರೆದವರಿಗೆ ನೀವು ಸುಸ್ತಾಗಿದೆ ಅಂತ ಹೇಳುವುದು ಹೇಗೆ? ಮೇ 12ರ ದಾದಿಯರ ದಿನ ಕೇಕ್ ಕತ್ತರಿಸುವ ಬದಲು ಸತತ ನೈಟ್ ಎಷ್ಟು ಹಾಕುತ್ತಿದ್ದೇವೆ ಅಂತ ರೋಸ್ಟರ್ ತೆರೆದು ನೋಡಿದರೆ ಸಾಕಿತ್ತು.

ಮನೆ ಕಡೆ. ಅತ್ತೆ ಪ್ರಶ್ನೆ ಇಡಿಸಲಿ, ಬೇಡ ಅನ್ನಬೇಡಿ. ಅವರಿಗೂ ಏನಾದರೂ ಮಾಡಬೇಕು ಅನಿಸುತ್ತಿದೆ. ಸೊಸೆ ಡ್ಯೂಟಿ ಮುಗಿಸಿ ಬಂದಾಗ ಹೊರಗಿನ ಬಚ್ಚಲಿನಲ್ಲಿ ಹಂಡೆ ನೀರು ಕಾಯಿಸಿ ಇಟ್ಟವರು ಅವರೇ ಇರಬೇಕು, ಎಷ್ಟು ಮನೆಗಳಲ್ಲಿ ಇದನ್ನು ಕೇಳಿದ್ದೇನೆ. ದೈವದ ಎದುರು ನಿಂತು ಮನಸ್ಸು ಹಗುರ ಆದರೆ ಆಗಲಿ. ಒಂದೇ ಷರತ್ತು, ಡಾಕ್ಟರ ಹತ್ತಿರ ಹೋಗುವ ದಿನ ಅದಕ್ಕಾಗಿ ಮುಂದೆ ಹೋಗಬಾರದು. ಮಗನಿಗೆ ಹತ್ತು ವರ್ಷ, ಅವನಿಗೆ ಅರ್ಥವಾಗುತ್ತದೆ. ‘ಅಮ್ಮನಿಗೆ ಮಳೆ ಬಂದರೆ ಆಸ್ಪತ್ರೆಯ ಒಂದು ಕೆಟ್ಟ ನೆನಪು ಬರುತ್ತದೆ, ಸಿಟ್ಟು ನಿನ್ನ ಮೇಲಲ್ಲ’ ಅಂತ ಹೇಳಿ. ಆ ದಿನಗಳಲ್ಲಿ ಅವನನ್ನು ಬಾಗಿಲಿನಿಂದಲೇ ನೋಡಿ ವಾಪಸು ಹೋಗಿರುತ್ತೀರಿ, ಅವನಿಗೂ ಕೇಳುವುದು ಏನಾದರೂ ಇರಬಹುದು. ಗಂಡನಿಗೆ ಹೇಳದೆ ಇಡಬೇಡಿ. ದೂರ ಇರುವವರಿಗೆ ವಿಷಯ ಗೊತ್ತಿಲ್ಲದಿದ್ದಾಗಲೇ ಗಾಬರಿ ಜಾಸ್ತಿ.

ಸಾಯಬೇಕು ಅನ್ನುವ ಯೋಚನೆ ಬಗ್ಗೆ ನೀವು ಬರೆದಿಲ್ಲ, ಆದರೂ ಕೇಳುವುದು ನನ್ನ ಕೆಲಸ. ಎದುರಿಗಿದ್ದರೆ ನೇರವಾಗಿಯೇ ಕೇಳುತ್ತಿದ್ದೆ. ಅಂಥದ್ದು ಒಂದು ಸಲ ಬಂದು ಹೋಗಿದ್ದರೂ ಮೊದಲ ಭೇಟಿಯಲ್ಲೇ ಹೇಳಿ. ಬಿಡದೆ ಬರುತ್ತಿದ್ದರೆ, ಹೇಗೆ ಅಂತ ಯೋಚನೆ ಮಾಡುವ ಮಟ್ಟಕ್ಕೆ ಹೋಗಿದ್ದರೆ, ಅಪಾಯಿಂಟ್‌ಮೆಂಟ್ ಕಾಯಬೇಡಿ. ಅವತ್ತೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ನೀವೇ ಎಷ್ಟೋ ಜನರನ್ನು ಹಾಗೆ ಒಳಗೆ ಕರೆದುಕೊಂಡಿದ್ದೀರಿ.

ಉಳಿದದ್ದು ಆ ಹುಡುಗಿಯ ಮೆಸೇಜ್. ಡಿಲೀಟ್ ಮಾಡಬೇಡಿ, ಈಗಲೇ ತೆರೆಯಲೂ ಬೇಡಿ. ಒಬ್ಬರೇ ರಾತ್ರಿ ಹಾಸಿಗೆಯಲ್ಲಿ ಕೂತು ತೆರೆಯುವಂಥದ್ದಲ್ಲ ಅದು. ಚಿಕಿತ್ಸೆ ಶುರುವಾಗಿ ನಾಲ್ಕೈದು ವಾರ ಆದ ಮೇಲೆ ಫೋನ್ ತೆಗೆದುಕೊಂಡು ಬಂದು ಅಲ್ಲೇ ಕೂತು ತೆರೆಯಿರಿ. ಇಲ್ಲವಾದರೆ ಆ ರಾತ್ರಿ ನಿಮ್ಮ ಜೊತೆ ಡ್ಯೂಟಿಯಲ್ಲಿದ್ದವಳನ್ನು ಒಂದು ಮಧ್ಯಾಹ್ನ ಮನೆಗೆ ಕರೆಯಿರಿ, ಮಗ ಶಾಲೆಗೆ ಹೋಗಿರುವಾಗ. ಹಳೆಯದರಿಂದ ಶುರು ಮಾಡಿ, ಒಂದೊಂದೇ. ಉತ್ತರ ಬರೆಯಬೇಕು ಅಂತೇನಿಲ್ಲ. ಬರೆಯಬೇಕು ಅನಿಸಿದರೆ ಮಷೀನಿನ ಕಥೆ ಮೊದಲ ಮೆಸೇಜಿನಲ್ಲೇ ಬೇಡ. ಅವಳ ಅಪ್ಪ ಆ ರಾತ್ರಿ ಫೋನ್ ಇಟ್ಟ ಮೇಲೆ ನಿಮ್ಮ ಹತ್ತಿರ ಏನಾದರೂ ಮಾತಾಡಿದ್ದರೆ, ನೀರು ಕೇಳಿದ್ದರೆ, ಅವಳ ಹೆಸರು ಹೇಳಿದ್ದರೆ ಅಷ್ಟು ಬರೆಯಿರಿ. ಅದು ಗೊತ್ತಿರುವುದು ನಿಮಗೊಬ್ಬರಿಗೇ.